ಅಯಸ್ಕಾಂತ ತೇಲುತ್ತದೆ, ಕರೆಂಟು ಹರಿಯುವುದಿಲ್ಲ: ವೈಬಿಸಿಒ ಬಿಲ್ಲೆಯ ದೋಷ ಹುಡುಕುವ ಬಗೆ

ಹತ್ತು ಮಿಲಿಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪದ ಒಂದು ಕಪ್ಪು ಬಿಲ್ಲೆ. ದ್ರವ ಸಾರಜನಕ ಸುರಿದರೆ ಅದರ ಮೇಲೆ ಪುಟ್ಟ ಅಯಸ್ಕಾಂತ ತೇಲಿ ನಿಲ್ಲುತ್ತದೆ, ನೋಡಿದವರಿಗೆಲ್ಲ ಖುಷಿ. ಅದೇ ಬಿಲ್ಲೆಗೆ ನಾಲ್ಕು ತಂತಿ ಅಂಟಿಸಿ ಎರಡು ಆಂಪಿಯರ್ ಹರಿಸಿದರೆ ವೋಲ್ಟೇಜ್ ಎದ್ದು ಕೂರುತ್ತದೆ. ನಮ್ಮ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದನ್ನು ಕಂಡು ಪುಡಿಯೇ ಕೆಟ್ಟಿದೆ ಎಂದುಕೊಂಡು ಮೂರು ಬಾರಿ ಮೊದಲಿನಿಂದ ಬೇಯಿಸಿದಳು. ಎರಡು ತಿಂಗಳು ಹೋಯಿತು. ಪುಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಆ ಎರಡು ತಿಂಗಳ ನೆನಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಈ ಬಿಲ್ಲೆ ಒಂದು ಅತಿವಾಹಕ, ಅಂದರೆ ಸಾಕಷ್ಟು ತಣಿದಾಗ ರೋಧವೇ ಇಲ್ಲದೆ ಕರೆಂಟು ಹರಿಸುವ ವಸ್ತು. ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಈ ಸೆರಾಮಿಕ್ ಅನ್ನು ಲ್ಯಾಬುಗಳಲ್ಲಿ ವೈಬಿಸಿಒ ಅಥವಾ, ಮೂರು ಲೋಹಗಳ ಪರಮಾಣುಗಳು 1:2:3ರ ಪ್ರಮಾಣದಲ್ಲಿರುವುದರಿಂದ, ಬರೀ 123 ಎನ್ನುತ್ತೇವೆ. ಇದರ ಕ್ರಾಂತಿ ತಾಪ, ಅಂದರೆ ರೋಧ ಮಾಯವಾಗುವ ತಾಪ, ಸುಮಾರು 92 ಕೆಲ್ವಿನ್. ದ್ರವ ಸಾರಜನಕ 77 ಕೆಲ್ವಿನ್‌ನಲ್ಲಿ ಕುದಿಯುವುದರಿಂದ ಅಷ್ಟು ತಂಪು ಸಾಕು. 1987ರಲ್ಲಿ ಇದು ಅಮೆರಿಕದಿಂದ ಸುದ್ದಿಯಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇದೇ ವಸ್ತುವಿನ ಮೇಲೆ ಕೆಲಸ ಮಾಡುತ್ತಿತ್ತು. ಇಂದು ಪದವಿ ಕಾಲೇಜಿನ ಕುಲುಮೆಯಲ್ಲೂ ಇದನ್ನು ಮಾಡಬಹುದು. ಮಾಡುವುದು ಸುಲಭ, ಅದರಲ್ಲಿ ಕರೆಂಟು ಹರಿಸುವುದು ಕಷ್ಟ.

ಕಾರಣ ಬಿಲ್ಲೆಯ ಒಳಗಿದೆ. ಅದೊಂದು ಇಡಿಯ ಕಲ್ಲಲ್ಲ, ಕೆಲವು ಮೈಕ್ರೋಮೀಟರ್ ಗಾತ್ರದ ಲಕ್ಷಾಂತರ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುವ ಮುದ್ದೆ. ಮೆಟ್ಟಿಲು ಗದ್ದೆಗಳನ್ನು ನೆನೆಸಿಕೊಳ್ಳಿ. ಪ್ರತಿ ಗದ್ದೆಯಲ್ಲೂ ನೀರು ನಿಂತಿರಬಹುದು, ಆದರೆ ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಇಳಿಯಬೇಕಾದರೆ ಬದುವಿನಲ್ಲಿ ದಾರಿ ಇರಬೇಕು. ಹರಳು ಗದ್ದೆ, ಹರಳುಗಳ ನಡುವಿನ ಗಡಿ ಬದು. ಈ ಬರಹದ ಪ್ರತಿ ಪರೀಕ್ಷೆಯೂ ಕೇಳುವುದು ಒಂದೇ ಪ್ರಶ್ನೆ: ಕೆಟ್ಟಿರುವುದು ಗದ್ದೆಯೋ, ಬದುವೋ?

ಕೈ ಹಾಕುವ ಮುನ್ನ

ದ್ರವ ಸಾರಜನಕ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಎಂದೂ ಇಡಬೇಡಿ, ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಚಿಕ್ಕ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದಬ್ಬುತ್ತದೆ, ಉಸಿರುಗಟ್ಟುತ್ತಿದೆ ಎಂಬ ಮುನ್ಸೂಚನೆಯೂ ಸಿಗುವುದಿಲ್ಲ. ಕನ್ನಡಕ ಕಡ್ಡಾಯ. ಕೈಗವಸು ಸಡಿಲವಾಗಿರಲಿ, ಒಳಗೆ ದ್ರವ ಹೋದರೆ ತಟ್ಟನೆ ಕೊಡವಿ ತೆಗೆಯುವಂತಿರಬೇಕು.

ಪುಡಿ ತಯಾರಿಸಲು ಬಳಸುವ ಬೇರಿಯಂ ಕಾರ್ಬೊನೇಟ್ ವಿಷ. ನೀರಿನಲ್ಲಿ ಹೆಚ್ಚು ಕರಗದಿದ್ದರೂ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಅರೆಯುವಾಗ ಮಾಸ್ಕ್ ಮತ್ತು ಕೈಗವಸು ಬೇಕು, ಆ ಮೇಜಿನ ಮೇಲೆ ಚಹಾ ಲೋಟ ಬೇಡ. ಆಮ್ಲಜನಕದ ಸಿಲಿಂಡರಿನ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಕುಲುಮೆಗೆ ಆಮ್ಲಜನಕ ಹಾಯಿಸುವುದು ಇದೇ ಮೊದಲಾದರೆ ಬಲ್ಲವರು ಪಕ್ಕದಲ್ಲಿ ನಿಂತಿರುವಾಗಲೇ ಮಾಡಿ.

ಲಕ್ಷಣ: ಅಯಸ್ಕಾಂತ ತೇಲುವುದೇ ಇಲ್ಲ

ಮೊದಲು ಬಿಲ್ಲೆ ನಿಜವಾಗಿ ತಣ್ಣಗಾಗಿದೆಯೇ ನೋಡಿ. ಬಿಲ್ಲೆಯ ಸುತ್ತ ದ್ರವದ ಗುಳ್ಳೆಗಳು ಭರ್ರನೆ ಏಳುವುದು ನಿಂತು ಮೇಲ್ಮೈ ಶಾಂತವಾಗುವವರೆಗೆ ಕಾಯಬೇಕು. ಅಯಸ್ಕಾಂತ ಹಗುರವಾದ, ಬಲವಾದ ನಿಯೋಡಿಮಿಯಂ ಜಾತಿಯದಾಗಿರಲಿ. ಕಪ್ಪು ಫೆರೈಟ್ ತುಂಡು ತನ್ನ ತೂಕವನ್ನೇ ಎತ್ತಿಕೊಳ್ಳಲಾರದು.

ಇಷ್ಟಾದರೂ ತೇಲದಿದ್ದರೆ ಮೊದಲ ಅನುಮಾನ ಆಮ್ಲಜನಕದ ಮೇಲೆ. 900 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಬೆಂದ ಹರಳಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಅದು ಅತಿವಾಹಕವಲ್ಲ. ತಣಿಯುವಾಗ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ತಾಮ್ರ–ಆಮ್ಲಜನಕದ ಸರಪಳಿಗಳು ತುಂಬಿದ ಮೇಲೆಯೇ ಅದಕ್ಕೆ ಜೀವ ಬರುತ್ತದೆ. ಬೇಗ ಹೊರತೆಗೆದಿದ್ದರೆ ಸರಪಳಿ ಖಾಲಿ. ಪರಿಹಾರ ಅಗ್ಗದ್ದು, ಏನನ್ನೂ ಹಾಳು ಮಾಡದು: ಬಿಲ್ಲೆಯನ್ನು ಮತ್ತೆ ಕುಲುಮೆಗಿಟ್ಟು, ಹರಿಯುವ ಆಮ್ಲಜನಕದಲ್ಲಿ 450 ಡಿಗ್ರಿ ಆಸುಪಾಸು ಒಂದು ರಾತ್ರಿ ಬಿಟ್ಟು, ನಿಧಾನವಾಗಿ ತಣಿಸಿ. ನಾನು ಕಂಡ ಕೆಟ್ಟ ಬಿಲ್ಲೆಗಳಲ್ಲಿ ಬಹುಪಾಲು ಇಷ್ಟಕ್ಕೇ ಎದ್ದು ಕುಳಿತಿವೆ. ಪುಡಿ ಮಾಡಿ ಮತ್ತೆ ಶುರು ಮಾಡುವ ಯೋಚನೆಯನ್ನು ಇದಾದ ಮೇಲೆ ಮಾಡಿ.

ಲಕ್ಷಣ: ಬಿಲ್ಲೆ ಹಸಿರಾಗಿದೆ, ಅಥವಾ ಬಟ್ಟಲಿಗೆ ಅಂಟಿದೆ

ಹಸಿರು ಎಂದರೆ ಅದೇ ಲೋಹಗಳು 2:1:1ರ ಪ್ರಮಾಣದಲ್ಲಿ ಸೇರಿದ, 211 ಎಂಬ ಬೇರೆ ಸಂಯುಕ್ತ. ಅದು ವಿದ್ಯುತ್ ನಿರೋಧಕ. ಬಿಲ್ಲೆಯ ಬುಡದಲ್ಲಿ ಮಾತ್ರ ಹಸಿರಿದ್ದರೆ ಅಲ್ಯೂಮಿನಾ ಬಟ್ಟಲು ಅದರೊಡನೆ ಪ್ರತಿಕ್ರಿಯಿಸಿದೆ. ಮುಂದಿನ ಸಲ ಅದೇ ಪುಡಿಯನ್ನು ಕೆಳಗೆ ಹಾಸಿ ಅದರ ಮೇಲೆ ಬಿಲ್ಲೆ ಇಡಿ. ಇಡೀ ಬಿಲ್ಲೆ ಹಸಿರು ಛಾಯೆಯದಾದರೆ ತೂಕದಲ್ಲಿ ತಪ್ಪಿದೆ ಅಥವಾ ಕಾರ್ಬೊನೇಟ್ ಪೂರ್ತಿ ಒಡೆದಿಲ್ಲ. ಸರಿಯಾದ ಪ್ರಮಾಣ 1.129 ಗ್ರಾಂ ಯಿಟ್ರಿಯಂ ಆಕ್ಸೈಡಿಗೆ 3.947 ಗ್ರಾಂ ಬೇರಿಯಂ ಕಾರ್ಬೊನೇಟ್, 2.386 ಗ್ರಾಂ ತಾಮ್ರದ ಆಕ್ಸೈಡ್. ಯಿಟ್ರಿಯಂ ಆಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಕಾಯಿಸಿ ಒಣಗಿಸದೆ ತೂಗಿದರೆ ತಕ್ಕಡಿ ತೋರಿಸುವುದು ಸುಳ್ಳು ತೂಕ.

ಅಂಟಿಕೊಂಡು, ಹೊಳಪಾಗಿ, ಅಂಚು ಕರಗಿದಂತೆ ಕಂಡರೆ ಒಳಗೆ ದ್ರವ ಮೂಡಿದೆ. ಬೇರಿಯಂ–ತಾಮ್ರದ ಉಳಿಕೆಗಳು ಸುಮಾರು 900 ಡಿಗ್ರಿಯಲ್ಲೇ ಕರಗಿ, ತಣಿದಾಗ ಹರಳುಗಳ ಗಡಿಯಲ್ಲಿ ತೆಳುವಾಗಿ ಬಳಿದುಕೊಳ್ಳುತ್ತವೆ. ಬದುವಿಗೆ ಸಿಮೆಂಟು ಮೆತ್ತಿದಂತೆ. ಕುಲುಮೆಯ ಮೀಟರನ್ನು ನಂಬುವ ಮುನ್ನ ಒಮ್ಮೆ ಒರೆಗೆ ಹಚ್ಚಿ: ಶುದ್ಧ ಸೋಡಿಯಂ ಕ್ಲೋರೈಡ್ 801 ಡಿಗ್ರಿಯಲ್ಲಿ ಕರಗುತ್ತದೆ. ಖಾಲಿ ಕುಲುಮೆಯಲ್ಲಿ ಒಂದು ಚಿಟಿಕೆ ಇಟ್ಟು, ಮೀಟರ್ 785 ತೋರುವಾಗ ಕರಗಿದೆಯೇ, 815ರಲ್ಲೂ ಕರಗಿಲ್ಲವೇ ನೋಡಿ. ಕುಲುಮೆಯ ತಾಪ ಅಳೆಯುವ ಥರ್ಮೋಕಪಲ್ ಹಳೆಯದಾದರೆ 20–30 ಡಿಗ್ರಿ ತಪ್ಪು ಹೇಳುವುದು ಅಪರೂಪವಲ್ಲ, ಈ ಕೆಲಸದಲ್ಲಿ ಅಷ್ಟು ತಪ್ಪು ಎಲ್ಲವನ್ನೂ ಕೆಡಿಸುತ್ತದೆ.

ಲಕ್ಷಣ: ರೋಧ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ

ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಯ ತೊಂದರೆ ಇದರ ನಂಟಿನದೇ. ಮೊದಲು ತಂತಿಗಳನ್ನು ನೋಡಿ. ಕರೆಂಟಿಗೆ ಎರಡು, ವೋಲ್ಟೇಜಿಗೆ ಬೇರೆ ಎರಡು ಇರಲೇಬೇಕು. ಎರಡೇ ತಂತಿಯ ಅಳತೆಯಲ್ಲಿ ಅಂಟಿನ ರೋಧವೂ ಸೇರಿಕೊಳ್ಳುತ್ತದೆ, ಅದು ಯಾವ ತಂಪಿನಲ್ಲೂ ಸೊನ್ನೆಯಾಗದು.

ಒಂದು ಲೆಕ್ಕ ಕೈಯಲ್ಲಿರಲಿ. ಒಳ್ಳೆಯ ಬಿಲ್ಲೆಯ ರೋಧಶೀಲತೆ ಕೋಣೆಯ ತಾಪದಲ್ಲಿ ಒಂದರಿಂದ ಕೆಲವು ಮಿಲಿಓಮ್–ಸೆಂಟಿಮೀಟರ್. 2 ಮಿಲಿಮೀಟರ್ ಚೌಕದ ಪಟ್ಟಿ ಕತ್ತರಿಸಿ 5 ಮಿಲಿಮೀಟರ್ ದೂರದಲ್ಲಿ ವೋಲ್ಟೇಜ್ ತಂತಿ ಇಟ್ಟರೆ ಹತ್ತಾರು ಮಿಲಿಓಮ್ ಕಾಣಬೇಕು. ಮೀಟರ್ ನಾಲ್ಕೈದು ಓಮ್ ತೋರಿಸಿದರೆ ನೀವು ಅಳೆಯುತ್ತಿರುವುದು ಸಿಲ್ವರ್ ಪೇಂಟನ್ನು. ಒಣ ಎಮರಿ ಕಾಗದದಿಂದ ಮೇಲ್ಮೈ ಕೆರೆದು, ಹೊಸದಾಗಿ ಸಿಲ್ವರ್ ಪೇಂಟ್ ಹಚ್ಚಿ ಒಣಗಿಸಿ.

ಆಮೇಲೆ ಕರೆಂಟಿನ ದಿಕ್ಕು ತಿರುಗಿಸಿ ಮತ್ತೆ ಅಳೆಯಿರಿ. ಒಂದು ತುದಿ 77, ಇನ್ನೊಂದು 300 ಕೆಲ್ವಿನ್‌ನಲ್ಲಿರುವ ತಂತಿಗಳಲ್ಲಿ ತಾಪವ್ಯತ್ಯಾಸದಿಂದಲೇ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ. ದಿಕ್ಕು ಬದಲಿಸಿದರೂ ಚಿಹ್ನೆ ಬದಲಾಗದ ಭಾಗ ಇದೇ. ಎರಡು ಅಳತೆಗಳ ವ್ಯತ್ಯಾಸದ ಅರ್ಧ ತೆಗೆದುಕೊಂಡರೆ ಅದು ಕಳೆದುಹೋಗುತ್ತದೆ. ಆ ದಿನ ಅವಳ ನೋಟ್‌ಪುಸ್ತಕದಲ್ಲಿ ಮುಮ್ಮುಖ ಅಳತೆ 3.1, ಹಿಮ್ಮುಖ ಅಳತೆಯೂ 3.1 ಮೈಕ್ರೋವೋಲ್ಟ್ ಎಂದು ಒಂದರ ಕೆಳಗೊಂದು ಬರೆದಿದ್ದವು, ಎರಡಕ್ಕೂ ಒಂದೇ ಚಿಹ್ನೆ. ಬಿಲ್ಲೆ ಅಷ್ಟು ದಿನವೂ ಸೊನ್ನೆಯನ್ನೇ ಹೇಳುತ್ತಿತ್ತು.

ತಂತಿ ಸರಿಯಿದ್ದೂ ರೋಧ ಉಳಿದರೆ, ತಣಿಸುವಾಗಿನ ರೇಖೆಯ ಆಕಾರ ನೋಡಿ. 300ರಿಂದ 100 ಕೆಲ್ವಿನ್‌ವರೆಗೆ ನೇರವಾಗಿ ಇಳಿದು ಅರ್ಧವೋ ಮೂರನೇ ಒಂದೋ ಆದರೆ ಆರೋಗ್ಯ ಚೆನ್ನಾಗಿದೆ. ತಣಿದಂತೆ ರೋಧ ಏರುತ್ತಿದ್ದರೆ ಆಮ್ಲಜನಕ ಸಾಲದು ಅಥವಾ ಗಡಿಗಳಲ್ಲಿ ನಿರೋಧಕ ಪದರ ಕೂತಿದೆ.

ಲಕ್ಷಣ: 92ರಲ್ಲಿ ಬಿದ್ದ ರೋಧ ಉದ್ದ ಬಾಲ ಎಳೆಯುತ್ತದೆ

ರೋಧ ಎರಡು ಹಂತದಲ್ಲಿ ಇಳಿಯುತ್ತದೆ: 92ರಲ್ಲಿ ಕಡಿದಾಗಿ, ಅಲ್ಲಿಂದ 80ರವರೆಗೆ ತೆವಳುತ್ತ. ಮೊದಲ ಇಳಿತ ಹರಳುಗಳದು, ಬಾಲ ಗಡಿಗಳದು. ಗದ್ದೆಗಳೆಲ್ಲ ತುಂಬಿವೆ, ಬದುಗಳು ಒಂದೊಂದಾಗಿ ತೆರೆಯುತ್ತಿವೆ. ಅಳೆಯುವ ಕರೆಂಟನ್ನು ಹತ್ತು ಪಟ್ಟು ಇಳಿಸಿ ನೋಡಿ. ಬಾಲ ಕುಗ್ಗಿದರೆ ದೋಷ ಗಡಿಯಲ್ಲಿದೆ ಎಂಬುದು ಖಚಿತ. ಕರೆಂಟಿಗೆ ಬಗ್ಗದೆ ಬಾಲ ಹಾಗೆಯೇ ಉಳಿದರೆ, ಬಿಲ್ಲೆಯ ಕೆಲವು ಭಾಗಕ್ಕೆ ಆಮ್ಲಜನಕ ತಲುಪಿಲ್ಲ; ಮತ್ತೆ 450 ಡಿಗ್ರಿಯ ರಾತ್ರಿ.

ಲಾಕ್–ಇನ್ ಆಂಪ್ಲಿಫೈಯರ್ ಇರುವ ಲ್ಯಾಬಾದರೆ ಎರಡು ಸುರುಳಿ ಸುತ್ತಿ ಎಸಿ ಸಸೆಪ್ಟಿಬಿಲಿಟಿ, ಅಂದರೆ ಏರಿಳಿಯುವ ಕಾಂತಕ್ಷೇತ್ರಕ್ಕೆ ಬಿಲ್ಲೆಯ ಪ್ರತಿಕ್ರಿಯೆ, ಅಳೆಯಿರಿ. ಅಲ್ಲೂ ಎರಡು ಮೆಟ್ಟಿಲು ಕಾಣುತ್ತವೆ. ಕ್ಷೇತ್ರದ ಪ್ರಮಾಣ ಹೆಚ್ಚಿಸಿದಂತೆ ಮೇಲಿನ ಮೆಟ್ಟಿಲು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಕೆಳಗಿನದು ಇನ್ನಷ್ಟು ತಂಪಿನ ಕಡೆಗೆ ಜಾರುತ್ತದೆ. ಜಾರುವುದು ಗಡಿ. ತಂತಿ ಅಂಟಿಸದೆ ಗದ್ದೆ–ಬದುಗಳನ್ನು ಬೇರ್ಪಡಿಸಿ ತೋರಿಸುವ ಇಷ್ಟು ಸ್ಪಷ್ಟವಾದ ಅಳತೆ ನನಗೆ ತಿಳಿದಂತೆ ಬೇರೊಂದಿಲ್ಲ.

ಲಕ್ಷಣ: ಎಲ್ಲವೂ ಸರಿ, ಹೊರುವ ಕರೆಂಟು ಮಾತ್ರ ಅತ್ಯಲ್ಪ

ಮೊದಲು ನಿಮ್ಮ ನಿರೀಕ್ಷೆಯನ್ನೇ ಪರೀಕ್ಷಿಸಿ. ಸಾಧಾರಣವಾಗಿ ಬೇಯಿಸಿದ ಬಿಲ್ಲೆ 77 ಕೆಲ್ವಿನ್‌ನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಕೆಲವು ನೂರು ಆಂಪಿಯರ್ ಹೊರುತ್ತದೆ. ಅದೇ ವಸ್ತುವಿನ ಒಳ್ಳೆಯ ತೆಳುಪದರ ಹತ್ತು ಲಕ್ಷಕ್ಕೂ ಮೀರಿ ಹೊರುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ, ಕ್ರಾಂತಿ ತಾಪವೂ ಒಂದೇ. ಬೇರೆಯಾಗಿರುವುದು ಹರಳುಗಳ ಜೋಡಣೆ.

ಈಗ ಶಾಖ ನೋಡಿ. ಮೇಲಿನ ಪಟ್ಟಿಯ ಅಡ್ಡಕೊಯ್ತ 0.04 ಚದರ ಸೆಂಟಿಮೀಟರ್; 200 ಆಂಪಿಯರ್ ಲೆಕ್ಕಕ್ಕೆ ಅದು 8 ಆಂಪಿಯರ್ ಹೊರಬೇಕು. ಕರೆಂಟಿನ ಅಂಟು 0.1 ಓಮ್ ಇದ್ದರೆ ಅಲ್ಲಿ 6.4 ವ್ಯಾಟ್ ಶಾಖ ಹುಟ್ಟುತ್ತದೆ. ತಂತಿಯ ಬುಡದಲ್ಲಿ ಗುಳ್ಳೆ ಸಾಲಾಗಿ ಏಳುವುದು ಕಣ್ಣಿಗೇ ಕಾಣುತ್ತದೆ. ಬಿಲ್ಲೆ ಸೋತದ್ದು ಕರೆಂಟಿಗಲ್ಲ, ಕಾವಿಗೆ. ಪಟ್ಟಿಯ ನಡುವನ್ನು ಅರದಿಂದ ಉಜ್ಜಿ 1 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಕೊರಳು ಮಾಡಿ. ಒಂದು ಆಂಪಿಯರಿನಲ್ಲೇ ಮಿತಿ ಮುಟ್ಟುತ್ತದೆ, ಅಂಟಿನ ಶಾಖ 0.1 ವ್ಯಾಟಿಗೆ ಇಳಿಯುತ್ತದೆ. ಮಿತಿ ಎಂದು ಕರೆಯುವುದು ವೋಲ್ಟೇಜ್ ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಮುಟ್ಟಿದಾಗ.

ಕೊರಳು ಮಾಡಿದ ಮೇಲೂ ಕರೆಂಟು ಹತ್ತಿಪ್ಪತ್ತು ಆಂಪಿಯರಿನ ಸಾಂದ್ರತೆಯಲ್ಲೇ ನಿಂತರೆ ಗಡಿಗಳ ತಪಾಸಣೆಗೆ ಇಳಿಯಬೇಕು. ತೂಕ, ಅಳತೆ ತೆಗೆದು ಸಾಂದ್ರತೆ ಲೆಕ್ಕ ಹಾಕಿ. ಪೂರ್ಣ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 6.38 ಗ್ರಾಂ. ಬಿಲ್ಲೆಯನ್ನು ಟೈಲ್ಸ್ ಮೇಲೆ ಒಂದು ಬೆರಳಿನೆತ್ತರದಿಂದ ಬೀಳಿಸಿದರೆ ದಟ್ಟವಾದದ್ದು ನಾಣ್ಯದಂತೆ ಟಿಣ್ ಎನ್ನುತ್ತದೆ, ರಂಧ್ರಮಯವಾದದ್ದು ಸೀಮೆಸುಣ್ಣದಂತೆ ಟಪ್ ಎನ್ನುತ್ತದೆ. ಶೇ. 75ಕ್ಕಿಂತ ಕಡಿಮೆಯಾದರೆ ಹರಳುಗಳು ಕಿರಿದಾದ ಜಾಗಗಳಲ್ಲಿ ಮಾತ್ರ ತಾಗಿವೆ, ಕರೆಂಟು ಸುತ್ತಿ ಬಳಸಿ ಹೋಗಬೇಕು. ತೀರ ದಟ್ಟವಾದರೂ ತೊಂದರೆಯೇ: ರಂಧ್ರ ಮುಚ್ಚಿದಾಗ ಆಮ್ಲಜನಕ ಒಳಗಿಳಿಯುವ ದಾರಿಯೂ ಮುಚ್ಚುತ್ತದೆ. ಶೇ. 85ರ ಆಸುಪಾಸು ಲ್ಯಾಬಿನ ಕೆಲಸಕ್ಕೆ ಹದ.

ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಹರಳುಗಳು ತುಂಬ ದೊಡ್ಡದಾಗಿದ್ದು ಗಡಿಯುದ್ದಕ್ಕೂ ಕೂದಲೆಳೆ ಬಿರುಕುಗಳಿದ್ದರೆ ಹೆಚ್ಚು ಹೊತ್ತು ಬೇಯಿಸಿದ್ದೀರಿ. ಈ ಹರಳು ತಣಿಯುವಾಗ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ, ಪಕ್ಕದ ಎರಡು ದೊಡ್ಡ ಹರಳುಗಳು ಬೇರೆ ಬೇರೆ ದಿಕ್ಕಿಗೆ ಎಳೆದಾಗ ನಡುವೆ ಸೀಳು ಬೀಳುತ್ತದೆ. ಗಡಿಯಲ್ಲಿ ಬೇರೆ ಬಣ್ಣದ ತೇಪೆಗಳಿದ್ದರೆ ಕರಗಿ ಹೆಪ್ಪುಗಟ್ಟಿದ ಉಳಿಕೆ. ಎಕ್ಸ್–ರೇ ವಿವರ್ತನೆಯಲ್ಲಿ 30 ಡಿಗ್ರಿಯ ಆಸುಪಾಸು ಚಿಕ್ಕ ಶಿಖರಗಳಾಗಿ ಕಾಣುವುದೂ ಇಂಥ ಅನ್ಯ ಸಂಯುಕ್ತಗಳೇ. ಕಣ್ಣಿಗೆ ಕಾಣದ ಇನ್ನೊಬ್ಬ ಅಪರಾಧಿ ಇಂಗಾಲ. ಕಾರ್ಬೊನೇಟಿನ ಶೇಷ ಗಡಿಯಲ್ಲಿ ಕೆಲವೇ ಪರಮಾಣು ದಪ್ಪಕ್ಕೆ ಉಳಿದರೂ ಕರೆಂಟಿಗೆ ಅಡ್ಡಿ. ಪುಡಿಯನ್ನು ಎರಡು ಮೂರು ಬಾರಿ ಅರೆದು ಬೇಯಿಸುವುದು ಇದನ್ನು ಹೊರಹಾಕುವುದಕ್ಕೆ.

ಇವೆಲ್ಲ ಸರಿಯಾದ ಮೇಲೂ ಒಂದು ಮಿತಿ ಉಳಿಯುತ್ತದೆ, ಅದು ನಿಮ್ಮ ತಪ್ಪಲ್ಲ. ಅತಿವಾಹಕ ಸ್ಥಿತಿಯು ತನ್ನ ಬಲವನ್ನು ಕಳೆದುಕೊಳ್ಳದೆ ದಾಟಬಲ್ಲ ಅಡ್ಡಿಯ ಅಗಲಕ್ಕೆ ಒಂದು ಅಳತೆ ಇದೆ. ನಯೋಬಿಯಂ ಲೋಹದಲ್ಲಿ ಅದು ಸುಮಾರು 40 ನ್ಯಾನೋಮೀಟರ್, ಗಡಿಯೊಂದು ಅದಕ್ಕೆ ಲೆಕ್ಕಕ್ಕೇ ಇಲ್ಲ. ವೈಬಿಸಿಒದಲ್ಲಿ ಹರಳಿನೊಳಗಿನ ತಾಮ್ರ–ಆಮ್ಲಜನಕದ ಹಾಳೆಗಳ ಉದ್ದಕ್ಕೆ 1.5 ನ್ಯಾನೋಮೀಟರ್, ಹಾಳೆಗೆ ಅಡ್ಡಲಾಗಿ 0.3 ಮಾತ್ರ. ಹರಳಿನ ಅಂಚಿನಲ್ಲಿ ಪರಮಾಣುಗಳ ಸಾಲು ತುಸು ಕೆದರಿದರೂ ಅದು ಈ ಅಳತೆಗೆ ಸಮ. 1988ರಲ್ಲಿ ಐಬಿಎಂನ ಡಿಮೋಸ್, ಚೌಧರಿ, ಮ್ಯಾನ್‌ಹಾರ್ಟ್ ಮತ್ತು ಸಂಗಡಿಗರು ಎರಡೇ ಹರಳುಗಳನ್ನು ಬೇಕೆಂದ ಕೋನದಲ್ಲಿ ಜೋಡಿಸಿ, ಒಂದೊಂದೇ ಗಡಿಯ ಮೂಲಕ ಕರೆಂಟು ಹರಿಸಿ ಅಳೆದರು. ಹರಳುಗಳು ಒಂದಕ್ಕೊಂದು ಕೆಲವೇ ಡಿಗ್ರಿ ಓರೆಯಾಗಿದ್ದರೆ ಕರೆಂಟು ಸಲೀಸು. ಅದರಾಚೆ, ಸ್ಥೂಲವಾಗಿ, ಪ್ರತಿ 10 ಡಿಗ್ರಿಗೆ ಹತ್ತು ಪಟ್ಟು ಇಳಿಕೆ. ನಿಮ್ಮ ಬಿಲ್ಲೆಯಲ್ಲಿ ಹರಳುಗಳು ಮನಸ್ಸಿಗೆ ಬಂದಂತೆ ಮುಖ ಮಾಡಿ ಕುಳಿತಿವೆ, ಬಹುತೇಕ ಗಡಿಗಳು ದೊಡ್ಡ ಕೋನದವು. ಯಾವ ಆಮ್ಲಜನಕವೂ ಅವನ್ನು ತಿರುಗಿಸಿ ಕೂರಿಸದು.

ಸಾಂದ್ರತೆ, ಆಮ್ಲಜನಕ, ಶುದ್ಧತೆ ಮೂರೂ ಸರಿಯಿದ್ದು ನೂರಾರು ಆಂಪಿಯರ್ ಸಿಕ್ಕಿದ್ದರೆ ಇಲ್ಲಿಗೆ ನಿಲ್ಲಿಸಿ. ಇದಕ್ಕಿಂತ ಹೆಚ್ಚು ಬೇಕಾದರೆ ದಾರಿ ಬೇರೆ: ಕರಗಿಸಿ ಒಂದೇ ದಿಕ್ಕಿಗೆ ಬೆಳೆಸುವುದು, ಅಥವಾ ಹರಳುಗಳ ಮುಖ ಮೊದಲೇ ಹೊಂದಿಸಿದ ಲೋಹದ ಪಟ್ಟಿಯ ಮೇಲೆ ಪದರವಾಗಿ ಕೂರಿಸುವುದು. ಇಂದಿನ ಅತಿವಾಹಕ ಟೇಪುಗಳು ಹಾಗೆಯೇ ತಯಾರಾಗುತ್ತವೆ.

ಲಕ್ಷಣ: ಅಯಸ್ಕಾಂತ ಹತ್ತಿರ ತಂದ ಕೂಡಲೇ ಕರೆಂಟು ಕುಸಿಯುತ್ತದೆ

ಕೆಲವೇ ಮಿಲಿಟೆಸ್ಲಾ ಕ್ಷೇತ್ರಕ್ಕೆ ಕರೆಂಟು ಹಲವು ಪಟ್ಟು ಬಿದ್ದು, ಆಮೇಲೆ ಕ್ಷೇತ್ರ ಹೆಚ್ಚಿಸಿದರೂ ಹೆಚ್ಚೇನೂ ಇಳಿಯದಿದ್ದರೆ, ಅದು ದುರ್ಬಲ ಗಡಿಗಳ ರುಜು. ಮೊದಲು ಬಿದ್ದದ್ದು ಓರೆ ಗಡಿಗಳ ಪಾಲು, ಉಳಿದದ್ದು ಅದೃಷ್ಟವಶಾತ್ ಮುಖ ಹೊಂದಿದ ಕೆಲವು ಹರಳುಗಳ ಸಾಲಿನದು. ಕೊರಳಿನ ಬಳಿ ಸ್ಟೀಲಿನ ಚಿಮಟ, ಸ್ಪೀಕರ್, ಟ್ರಾನ್ಸ್‌ಫಾರ್ಮರ್ ಇಲ್ಲವೆಂದು ಮಾತ್ರ ಖಾತ್ರಿ ಮಾಡಿಕೊಳ್ಳಿ.

ಇಲ್ಲೊಂದು ಬಲೆ ಇದೆ. ಕಾಂತತ್ವದ ಅಳತೆಯಿಂದ ಕರೆಂಟಿನ ಸಾಂದ್ರತೆ ಲೆಕ್ಕ ಹಾಕಿ ಸಾವಿರಾರು ಆಂಪಿಯರ್ ಬಂತೆಂದು ಸಂಭ್ರಮಿಸಿದವರನ್ನು ನೋಡಿದ್ದೇನೆ. ಕಾಂತಕ್ಷೇತ್ರಕ್ಕೆ ಎದುರಾಗಿ ಹುಟ್ಟುವ ಸುರುಳಿ ಕರೆಂಟು ಇಡೀ ಬಿಲ್ಲೆ ಸುತ್ತುತ್ತಿದೆಯೋ, ಪ್ರತಿ ಹರಳಿನೊಳಗೆ ತಾನೇ ಸುತ್ತುತ್ತಿದೆಯೋ ಎಂಬುದನ್ನು ಅಳತೆ ಹೇಳುವುದಿಲ್ಲ. ಮುರಿದ ಒಂದು ಚೂರನ್ನು ಅಳೆದು, ಅದನ್ನೇ ನುಣ್ಣಗೆ ಅರೆದು ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ಕರೆಂಟು ಹರಳಿನಿಂದ ಹರಳಿಗೆ ದಾಟುತ್ತಲೇ ಇರಲಿಲ್ಲ. ತೇಲುವ ಅಯಸ್ಕಾಂತದ ಗುಟ್ಟೂ ಇದೇ: ಬಟ್ಟಲಲ್ಲಿ ತುಂಬಿದ ಪುಡಿಯೂ ಹಗುರವಾದ ಅಯಸ್ಕಾಂತವನ್ನು ಎತ್ತಬಲ್ಲದು.

ಲಕ್ಷಣ: ಹೋದ ತಿಂಗಳು ಚೆನ್ನಾಗಿತ್ತು, ಈಗ ಇಲ್ಲ

ಮಳೆಗಾಲದಲ್ಲಿ ಈ ದೂರು ಹೆಚ್ಚು. ವೈಬಿಸಿಒಗೆ ನೀರೆಂದರೆ ಆಗದು. ತೇವ ಸೋಕಿದರೆ ಬೇರಿಯಂ ಹೈಡ್ರಾಕ್ಸೈಡ್ ಆಗಿ ಹೊರಬಂದು, ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಿಳಿ ಕಾರ್ಬೊನೇಟಿನ ಹೂವಾಗಿ ಅರಳುತ್ತದೆ. ಹಾನಿ ಶುರುವಾಗುವುದು ಗಡಿಗಳಿಂದ. ಪ್ರತಿ ಸಲ ದ್ರವ ಸಾರಜನಕದಿಂದ ಎತ್ತಿದಾಗ ಮೇಲೆ ಹಿಮ ಕಟ್ಟಿ ಕರಗುತ್ತದಲ್ಲ, ಆ ನೀರೇ ಮುಖ್ಯ ಶತ್ರು. ಎತ್ತಿದ ಕೂಡಲೇ ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯಲ್ಲಿ ಒಣಗಿಸಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ನೀರು ಹಾಕಿ ಪಾಲಿಶ್ ಮಾಡಬೇಡಿ. ಬಿಳಿ ಪದರ ಮೇಲೆ ಮಾತ್ರ ಇದ್ದರೆ ಒಣ ಎಮರಿಯಿಂದ ತೆಗೆದು ಮತ್ತೆ ಅಳೆಯಿರಿ. ಮುರಿದ ಮುಖದೊಳಗೂ ಬಿಳುಪು ಹರಡಿದ್ದರೆ ಆ ಬಿಲ್ಲೆಯ ಕಥೆ ಮುಗಿಯಿತು.

ಬಿಳುಪಿಲ್ಲದೆ ಕರೆಂಟು ಮಾತ್ರ ಇಳಿದಿದ್ದರೆ, ಕೋಣೆಯ ಬಿಸಿಯಿಂದ ಒಮ್ಮೆಲೇ ದ್ರವಕ್ಕೆ ಮುಳುಗಿಸಿದ ಅಭ್ಯಾಸವನ್ನು ಅನುಮಾನಿಸಿ. ಮೊದಲು ಆವಿಯಲ್ಲಿ ಒಂದೆರಡು ನಿಮಿಷ ತೂಗಿ ಹಿಡಿದು, ಆಮೇಲೆ ಇಳಿಸಿ.

ಲಕ್ಷಣ: ಕರಗಿಸಿ ಬೆಳೆಸಿದ ಬಿಲ್ಲೆಯಲ್ಲಿ ಎರಡು ಶಿಖರ

ಬೀಜದ ಹರಳಿಟ್ಟು ಬೆಳೆಸಿದ ದೊಡ್ಡ ಬಿಲ್ಲೆಯನ್ನು ಕ್ಷೇತ್ರದಲ್ಲಿ ತಣಿಸಿ, ಅಯಸ್ಕಾಂತ ತೆಗೆದು, ಮೇಲ್ಮೈ ಮೇಲೆ ಕಾಂತಕ್ಷೇತ್ರ ಅಳೆಯುವ ಹಾಲ್ ಸಂವೇದಕ ಓಡಿಸಿ. ಒಂದೇ ಹರಳಾಗಿದ್ದರೆ ಒಂದೇ ಶಂಕುವಿನಾಕಾರದ ಗುಡ್ಡ ಕಾಣುತ್ತದೆ. ಎರಡು ಗುಡ್ಡ, ನಡುವೆ ಕಣಿವೆ ಕಂಡರೆ ಅಂಚಿನಿಂದ ಇನ್ನೊಂದು ಹರಳು ತಾನಾಗಿ ಹುಟ್ಟಿ ಬೆಳೆದಿದೆ ಅಥವಾ ಕಣಿವೆಯ ಸಾಲಿಗೆ ಬಿರುಕಿದೆ. ಓರೆ ಬೆಳಕಿನಲ್ಲಿ ಮೇಲ್ಮೈ ನೋಡಿ: ಹೊಸ ಹರಳಿನ ಹೊಳಪಿನ ದಿಕ್ಕೇ ಬೇರೆ, ಬಿರುಕಾದರೆ ಎರಡೂ ಕಡೆ ಹೊಳಪು ಒಂದೇ. ಹಸಿರು 211 ಇಲ್ಲಿ ಮಿತವಾಗಿ, ನುಣ್ಣಗೆ ಹರಡಿದ್ದರೆ ಒಳ್ಳೆಯದು. ಅದು ಬಿರುಕನ್ನು ತಡೆಯುತ್ತದೆ, ಕಾಂತ ಸುಳಿಗಳನ್ನು, ಅಂದರೆ ಬಿಲ್ಲೆಯೊಳಗೆ ನುಸುಳಿದ ಕಾಂತಕ್ಷೇತ್ರದ ಎಳೆಗಳನ್ನು, ಅಲುಗದಂತೆ ಹಿಡಿಯಲೂ ನೆರವಾಗುತ್ತದೆ. ಇಂಥ ಬಿಲ್ಲೆಯ ಬಳಿ ಬಲವಾದ ಅಯಸ್ಕಾಂತ ತರುವಾಗ ಬೆರಳು ನಡುವೆ ಸಿಗದಂತೆ ನೋಡಿಕೊಳ್ಳಿ, ಹಿಡಿತ ನಿರೀಕ್ಷೆಗಿಂತ ಗಟ್ಟಿ.

ಹೊರಗೆ ಕಳಿಸಬೇಕಾದಾಗ

ಗಡಿಯ ಮೇಲೆ ಯಾವ ಧಾತು ಕೂತಿದೆ, ಹರಳುಗಳು ಯಾವ ಕೋನದಲ್ಲಿವೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸ, ಅದನ್ನು ಲ್ಯಾಬಿನಲ್ಲಿ ಊಹಿಸುತ್ತ ಕೂರಬೇಡಿ. ಸೌಲಭ್ಯವಿರುವ ಸಂಸ್ಥೆಗೆ ಕಳಿಸುವಾಗ ಒಂದೇ ಬಿಲ್ಲೆಯಿಂದ ಮುರಿದ ಎರಡು ಚೂರು ಕಳಿಸಿ: ಒಂದು ಪಾಲಿಶ್ ಮಾಡಿದ್ದು, ಒಂದು ಮುರಿದ ಮುಖ ಹಾಗೇ ಇರುವುದು. ಜೊತೆಗೆ ಬೇಯಿಸಿದ ತಾಪ, ಹೊತ್ತು, ತಣಿಸಿದ ವೇಗ, ಆಮ್ಲಜನಕ ಹಾಯಿಸಿದ ಗಂಟೆಗಳು, ಸಾಂದ್ರತೆ, ಎರಡೂ ದಿಕ್ಕಿನ ವೋಲ್ಟೇಜ್ ಅಳತೆ ಬರೆದ ಚೀಟಿ ಇರಲಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಲು ಮರೆಯಬೇಡಿ, ಮುಚ್ಚಳದ ಮೇಲೆ ಬೇರಿಯಂ ಇದೆ ಎಂದು ದೊಡ್ಡದಾಗಿ ಬರೆಯಿರಿ.